ಬಿಡು ಎಂದರೆ ಏನನ್ನು?

ಹತ್ತು ಹದಿನೈದು ದಿನಗಳಿಂದ ನನ್ನ ವ್ಯಾಕರಣ ಇದ್ದಕ್ಕಿದ್ದಂತೆ ಸುಧಾರಿಸಿದೆ. ಬೆಳಗಿನ ತಿಂಡಿಗೆ ಕೂತಾಗ ಹೆಂಡತಿ ಗಿರಿಜಾ ಮೂರನೆಯ ದೋಸೆ ಹಿಡಿದು ಬಂದರೆ, ಮೊದಲೆಲ್ಲ ‘ಸಾಕು ಬಿಡು’ ಎನ್ನುತ್ತಿದ್ದವನು ಈಗ ‘ಸಾಕು, ದೋಸೆ ಹಾಕುವುದನ್ನು ಬಿಡು’ ಎನ್ನುತ್ತೇನೆ. ಅವಳು ಮೊದಲ ದಿನ ನಕ್ಕಳು, ಎರಡನೆಯ ದಿನ ಹಣೆ ಮುಟ್ಟಿ ನೋಡಿದಳು, ಮೂರನೆಯ ದಿನ ‘ಏನ್ರೀ ಇದು, ಕೋರ್ಟಲ್ಲಿ ಹೇಳಿಕೆ ಕೊಟ್ಟಂಗೆ ಮಾತಾಡ್ತೀರ?’ ಎಂದಳು. ಕ್ರಿಯಾಪದಕ್ಕೆ ಕರ್ಮಪದ ಸೇರಿಸದೆ ಮಾತಾಡಿದ ನನ್ನ ಕರ್ಮಕ್ಕೆ ಒಂದು ಜೀವ ಹೋಗುವುದರಲ್ಲಿತ್ತು ಎಂದು, ಕೈಯಲ್ಲಿ ಸೌಟು ಹಿಡಿದು ನಿಂತವಳಿಗೆ ಹೇಗೆ ಹೇಳುವುದು?

ನೀವೇ ಗಮನಿಸಿ ನೋಡಿ. ‘ಬಿಡು’ ಇಲ್ಲದೆ ನಮಗೆ ಒಂದು ಗಳಿಗೆಯೂ ನಡೆಯುವುದಿಲ್ಲ. ಉಸಿರು ಬಿಡುತ್ತೇವೆ, ಮಕ್ಕಳನ್ನು ಶಾಲೆಗೆ ಬಿಡುತ್ತೇವೆ, ಸಂಬಂಧಿಕರ ಮುಂದೆ ರೀಲು ಬಿಡುತ್ತೇವೆ, ಯಾವುದೂ ಸರಿಹೋಗದಿದ್ದಾಗ ‘ಹೋಗ್ಲಿ ಬಿಡು’ ಎಂದು ಸಮಾಧಾನ ಮಾಡಿಕೊಳ್ಳುತ್ತೇವೆ. ನಮ್ಮ ಮೈಸೂರಿನವರ ಬಾಯಲ್ಲಂತೂ ಅದು ‘ಬುಡು’ ಆಗಿ, ಬಂದ್ಬುಟ್ಟೆ, ತಿಂದ್ಬುಟ್ಟೆ ಎಂದು ಸಿಕ್ಕಸಿಕ್ಕ ಕ್ರಿಯೆಯ ಬಾಲಕ್ಕೆಲ್ಲ ಜೋತುಬಿದ್ದಿರುತ್ತದೆ. ಇಷ್ಟೊಂದು ದುಡಿಯುವ ಪದ ಒಂದಲ್ಲ ಒಂದು ದಿನ ಕೈಕೊಡಲೇಬೇಕು. ನನಗೆ ಅದು ಕೈಕೊಟ್ಟಾಗ ನನ್ನ ಕೈಯಲ್ಲಿ ಗೆಳೆಯ ಮಾದೇಶನ ಕೈ ಇತ್ತು.

ಮಾದೇಶ ನನ್ನ ಕಾಲೇಜಿನ ಸಹಪಾಠಿ. ದೇವರಾಜ ಮೊಹಲ್ಲಾದಲ್ಲಿ ಮಿಕ್ಸಿ, ಗ್ರೈಂಡರ್ ರಿಪೇರಿಯ ಅಂಗಡಿ ಇಟ್ಟಿದ್ದಾನೆ. ವಾರವಿಡೀ ಗರಗರ ಕೇಳಿದ ಕಿವಿಗೆ ನೀರಿನ ಪಕ್ಕದ ಮೌನ ಬೇಕೆಂದು ಆಗಾಗ ಗಾಳ ಹಾಕಲು ಹೋಗುತ್ತಾನೆ. ಈ ಸಲ ನನ್ನನ್ನೂ ಎಳೆದ. ನಾನೋ ಮೀನು ತಿನ್ನದ ಮನೆತನದವನು. ಸಾಲದ್ದಕ್ಕೆ, ವಸ್ತುಗಳು ನೀರಿನಲ್ಲಿ ಏಕೆ ತೇಲುತ್ತವೆ ಎಂದು ಇಪ್ಪತ್ತೈದು ವರ್ಷ ಭೌತಶಾಸ್ತ್ರದ ಪಾಠ ಹೇಳಿಯೂ ಸ್ವತಃ ತೇಲಲು ಕಲಿಯದವನು. ‘ನೀನು ತಿನ್ನೋದೂ ಬ್ಯಾಡ, ಈಜೋದೂ ಬ್ಯಾಡ. ನಂಗೆ ನಿದ್ದೆ ಬರದಂಗೆ ಮಾತಾಡ್ತಾ ಕೂತಿರು ಸಾಕು’ ಎಂದ. ನನ್ನ ಮಾತು ಕೇಳಿ ನಿದ್ದೆ ಬರದವರನ್ನು ನಾನಿನ್ನೂ ನೋಡಿಲ್ಲವಾದರೂ ಒಪ್ಪಿಕೊಂಡೆ. ಹೊರಡುವಾಗ ಅವನ ಹೆಂಡತಿ ರತ್ನ ಬಾಗಿಲವರೆಗೂ ಬಂದು, ‘ಅಣ್ಣಾ, ಇವರನ್ನ ನೀರಿಗಿಳಿಯಕ್ಕೆ ಬುಡಬೇಡಿ. ನಿಮ್ಮನ್ನ ನಂಬ್ಕೊಂಡು ಕಳಿಸ್ತಿದ್ದೀನಿ’ ಎಂದಳು. ‘ಬಿಡಲ್ಲ ಕಣಮ್ಮ’ ಎಂದೆ.

ಹಿನಕಲ್ ದಾಟಿ ಅರ್ಧ ಗಂಟೆ ಹೋದರೆ ಆ ಕೆರೆ. ಅದರ ಮೀನಿನ ಗುತ್ತಿಗೆ ಹಿಡಿದವರು ಮಾದೇಶನ ಗಿರಾಕಿ. ರಾತ್ರಿ ಕೂರಬಹುದು, ಆದರೆ ಹಿಡಿದದ್ದನ್ನು ಮತ್ತೆ ನೀರಿಗೇ ಬಿಡಬೇಕು ಎಂಬುದು ಅವರ ಷರತ್ತು. ಹಿಡಿದು ಬಿಡುವ ಈ ನಿರರ್ಥಕತೆ ನನಗೆ ಬಹಳ ಹಿಡಿಸಿತು. ಮಾದೇಶ ಕಡಲೆಕಾಯಿ ಹಿಂಡಿಗೆ ರಾಗಿ ಹಿಟ್ಟು ಕಲಸಿ ಉಂಡೆ ಕಟ್ಟಿದ. ಗೆಂಡೆ ಮೀನಿಗೆ ಅದೇ ಪರಮಾನ್ನವಂತೆ. ಗಾಳದ ರಾಡನ್ನು ಕವೆಗೋಲಿಗೆ ಒರಗಿಸಿ, ಮೀನು ಕಚ್ಚಿದ್ದು ತಿಳಿಯಲೆಂದು ತುದಿಗೆ ಪುಟ್ಟ ಗೆಜ್ಜೆ ಕಟ್ಟಿದ. ಜಮಖಾನ ಹಾಸಿ, ರತ್ನ ಕಟ್ಟಿಕೊಟ್ಟಿದ್ದ ಚಿತ್ರಾನ್ನ ತಿಂದು, ಫ್ಲಾಸ್ಕಿನ ಟೀ ಕುಡಿದು, ನಾವಿಬ್ಬರೂ ಒಟ್ಟಿಗೇ ಫೇಲಾದ ಇಂಟರ್ನಲ್ ಟೆಸ್ಟನ್ನು ನೆನೆದು ನಕ್ಕೆವು. ಗೆಜ್ಜೆ ರಾತ್ರಿಯಿಡೀ ಸುಮ್ಮನಿತ್ತು. ಅಷ್ಟು ತೃಪ್ತಿಯಿಂದ ಏನೂ ಮಾಡದೆ ಕೂತದ್ದು ನನಗೆ ನೆನಪಿಲ್ಲ.

ಬೆಳಕು ಹರಿಯುವ ಹೊತ್ತಿಗೆ ಗೆಜ್ಜೆ ಜಲ್ಲೆಂದಿತು. ಮಾದೇಶ ಹಾರಿ ರಾಡು ಹಿಡಿದ. ಮೀನು ಎಡಕ್ಕೆ ಎಳೆಯಿತು. ಅವನು ಅದರ ಹಿಂದೆ ಒಂದು ಹೆಜ್ಜೆ, ಮತ್ತೊಂದು ಹೆಜ್ಜೆ ಇಳಿದ. ನಾನು ರತ್ನಳ ಮಾತನ್ನು ನೆನೆಯುವಷ್ಟರಲ್ಲಿ ಎದೆಮಟ್ಟ ನೀರಿನಲ್ಲಿದ್ದ. ಯಾವಾಗಲೋ ಟ್ರ್ಯಾಕ್ಟರಿನವರು ಮಣ್ಣು ತೆಗೆದಿದ್ದ ಗುಂಡಿ ಅದು. ಕಾಲು ಕೆಸರಿನಲ್ಲಿ ಹೂತು ಇನ್ನೂ ಕುಸಿಯುತ್ತಿದ್ದುದರಿಂದ ಅವನಿಗೆ ಗೊತ್ತಿದ್ದ ಈಜೂ ಪ್ರಯೋಜನಕ್ಕೆ ಬರಲಿಲ್ಲ. ನಾನು ದಡದಲ್ಲಿ ಬೋರಲು ಬಿದ್ದು ಅವನ ಎಡಗೈ ಹಿಡಿದೆ. ಬಲಗೈಯಲ್ಲಿ ರಾಡು ಹಾಗೇ ಇತ್ತು. ಆ ಕಡೆಯಿಂದ ಮೀನು, ಈ ಕಡೆಯಿಂದ ನಾನು. ಒದ್ದೆ ಮಣ್ಣಿನ ಮೇಲೆ ನಾನೂ ಜಾರತೊಡಗಿದೆ. ‘ಬುಡೋ! ಮಾದೇಶ, ಬುಡು!’ ಎಂದು ಕಿರುಚಿದೆ.

ನಾನು ಹೇಳಿದ್ದು ರಾಡನ್ನು. ಅವನು ನನ್ನನ್ನು ಒಮ್ಮೆ ನೋಡಿದ. ನೋಡಿ, ನನ್ನ ಕೈಯನ್ನು ಬಿಟ್ಟ.

ಆ ನೋಟ ಈಗಲೂ ಗಡ್ಡ ಹೆರೆಯುವಾಗ ಕನ್ನಡಿಯಲ್ಲಿ ಬರುತ್ತದೆ, ಬೋರ್ಡಿನ ಮೇಲೆ ಬರೆಯುತ್ತಿರುವಾಗ ಬರುತ್ತದೆ. ಒದ್ದೆ ಕೈ ನನ್ನೊಬ್ಬನ ಹಿಡಿತಕ್ಕೆ ನಿಲ್ಲದೆ ಜಾರಿ, ಅವನ ತಲೆ ಮುಳುಗಿದ್ದು ಮೂರು ಸೆಕೆಂಡೋ ಮೂವತ್ತೋ, ಕಾಲವನ್ನು ಅಳೆಯುವ ವಿಧಾನವನ್ನು ಬೋಧಿಸುವ ನನಗೆ ತಿಳಿಯದು. ಮೊದಲು ನೀರಿನಿಂದ ಮೇಲೆದ್ದದ್ದು ರಾಡಿನ ತುದಿಯ ಗೆಜ್ಜೆ. ಅದನ್ನು ಹಿಡಿದೆ, ಗೇಣು ಗೇಣಾಗಿ ಕೈ ಬದಲಿಸುತ್ತ ದಪ್ಪನೆಯ ಭಾಗಕ್ಕೆ ಬಂದೆ, ಎಳೆದೆ. ಯಾವುದನ್ನು ಬಿಡೆಂದು ಅರಚಿದ್ದೆನೋ ಅದರ ಇನ್ನೊಂದು ತುದಿಯಲ್ಲಿ ಮಾದೇಶ ಕೆಮ್ಮುತ್ತ ದಡಕ್ಕೆ ಬಂದ. ಬಾಯೊಳಗಿನ ನೀರು ಉಗಿದು ಅವನು ಕೇಳಿದ ಮೊದಲ ಪ್ರಶ್ನೆ: ‘ಮೀನು ಅದಾ?’

ಇತ್ತು. ದಾರ ಸುತ್ತಿ ಎಳೆದಾಗ ಮೊಣಕೈಯುದ್ದದ ಗೆಂಡೆ ಬಂತು. ಸ್ವಲ್ಪ ಹೊತ್ತು ಮೂರೂ ಜೀವಗಳು ಕೆಸರಿನಲ್ಲಿ ಏದುಸಿರು ಬಿಟ್ಟೆವು. ‘ಬುಡೋಣ್ವಾ?’ ಎಂದು ಮಾದೇಶ ಗಾಳ ಬಿಡಿಸಿದ. ಬಿಟ್ಟೆವು. ಮನೆಯಲ್ಲಿ, ಕಾಲು ಜಾರಿ ಒದ್ದೆಯಾದೆವು ಎಂದಷ್ಟೇ ಹೇಳಿದೆವು.

ಆದರೆ ನನ್ನನ್ನು ಆ ನೋಟ ಬಿಡಲಿಲ್ಲ. ನಾನು ಪ್ರಾಣಭಯದಿಂದ ಕೈ ಬಿಡು ಎಂದೆನೆಂದು ಅವನು ತಿಳಿದಿದ್ದರೆ? ಮೊನ್ನೆ ತಡೆಯಲಾರದೆ ಅಂಗಡಿಗೇ ಹೋದೆ.

‘ಅವತ್ತು ನಾನು ಬುಡು ಅಂದಿದ್ದು ರಾಡನ್ನ ಕಣೋ. ಕೈಯನ್ನಲ್ಲ.’

ಬಿಚ್ಚಿಟ್ಟ ಮಿಕ್ಸಿಯಿಂದ ಅವನು ತಲೆಯೆತ್ತಲಿಲ್ಲ. ‘ಹೌದಾ? ನೀನೂ ಜಾರ್ತಿದ್ದೆ. ಈಜು ಬೇರೆ ಬರಲ್ಲ. ಕೈ ಬುಡು ಅಂತವ್ನೆ ಅಂದ್ಕಂಡೆ, ಬುಟ್ಟೆ.’

‘ಕೋಪ ಬರ್ಲಿಲ್ವಾ?’

‘ಕೋಪ ಯಾಕ್ಲಾ? ಮನೇಗೆ ಸುದ್ದಿ ತಗೊಂಡೋಗಕ್ಕೆ ಒಬ್ನಾದ್ರೂ ಬೇಕಲ್ಲ.’ ಸ್ಕ್ರೂ ಬಿಗಿಸಿ ನನ್ನತ್ತ ನೋಡಿದ. ‘ಅಲ್ಲಾ ಮೇಷ್ಟ್ರೇ, ಕ್ಲಾಸಲ್ಲಿ ಗಂಟೆಗಟ್ಲೆ ಕೊರೀತೀಯ. ಅಲ್ಲಿ ರಾಡು ಅನ್ನೋ ಎರಡಕ್ಷರ ಸೇರ್ಸಕ್ಕೆ ಏನಾಗಿತ್ತು ನಿಂಗೆ?’

ಎಂದವನೇ ಮಿಕ್ಸಿಯ ಗುಂಡಿ ತಿರುಗಿಸಿದ. ಅದು ಗರ್ರೆಂದಿತು. ಒಳ್ಳೆಯದೇ ಆಯಿತು, ನನ್ನ ಗಂಟಲಿನಿಂದ ಬಂದ ಸದ್ದು ಯಾರಿಗೂ ಕೇಳಲಿಲ್ಲ. ಅಷ್ಟು ದಿನ ಆ ನೋಟದಲ್ಲಿ ನಾನು ಆಪಾದನೆಯನ್ನು ಹುಡುಕಿದ್ದೆ. ಅವನೋ, ನನ್ನ ಅರೆಬರೆ ವಾಕ್ಯವನ್ನು ನಾನು ಬದುಕುವ ಹಾಗೆ ಅರ್ಥ ಮಾಡಿಕೊಂಡಿದ್ದ.

ಅಂದು ಸಂಜೆ ದಟ್ಟಗಳ್ಳಿಯ ನಮ್ಮ ಮನೆಗೆ ಬಂದವನು ಗಿರಿಜಾಗೆ ಎಲ್ಲ ಹೇಳಿದೆ. ಇಂದು ಬೆಳಿಗ್ಗೆ ಮೂರನೆಯ ದೋಸೆ ತಂದಾಗ ಹಳೆಯ ಅಭ್ಯಾಸದಂತೆ ‘ಸಾಕು ಬಿಡು’ ಎಂದುಬಿಟ್ಟೆ. ಅವಳು ಅಲ್ಲೇ ನಿಂತು, ಹುಬ್ಬೇರಿಸಿ, ‘ಏನನ್ನ?’ ಎಂದಳು.

‘ದೋಸೆ ಒಂದನ್ನೇ’ ಎಂದೆ.