ಸೊಕ್ಕಿನ ಶಹನಾಯಿ ಅಜ್ಜ

ಇವತ್ತು ಕಂಪ್ಲಿಯ ಮದುವೆ ಮನೆಯಲ್ಲಿ ಒಬ್ಬ ಹುಡುಗ ಏನೋ ಕೇಳಿದ. ನಾನು ಉತ್ತರ ಕೊಡಲಿಲ್ಲ. "ಏನ್ ಸೊಕ್ಕಲೇ ಇವನಿಗೆ!" ಎಂದ. ಚಿಕ್ಕವನಿದ್ದಾಗ ನಾನೂ ಅದೇ ಮಾತು ಅಂದಿದ್ದೆ.

ಅಪ್ಪನ ಮೊಬೈಲಿನಲ್ಲಿ ಒಬ್ಬ ಶಹನಾಯಿ ಅಜ್ಜನ ವಿಡಿಯೊ ಇತ್ತು. ಅದು ಮುಗಿಯುವವರೆಗೆ ಅಪ್ಪ ಎಲೆ ಅಡಿಕೆ ಅಗಿಯುವುದನ್ನೂ ನಿಲ್ಲಿಸುತ್ತಿದ್ದ. ಮೇಷ್ಟ್ರು ಬೈದು ಹೊರಗೆ ಹಾಕಿ ನಾನು ಶಾಲೆ ಬಿಟ್ಟ ವಾರವೇ ಆ ಅಜ್ಜ ಸಂಡೂರಿನ ಮದುವೆ ಮನೆಯೊಂದರ ಹಿಂದೆ, ಕಟ್ಟೆಯ ಮೇಲೆ ಒಬ್ಬನೇ ಕೂತಿದ್ದ. ಕಂಡದ್ದೇ ಅವನ ಹತ್ತಿರ ಓಡಿದೆ.

"ಅಜ್ಜಾ, ನಂಗೂ ಶಹನಾಯಿ ಕಲಿಸ್ತೀರೇನ್ರಿ?"

ಆತ ಮಾತಾಡಲಿಲ್ಲ. ಕೈ ಎತ್ತಿ ತಡೆದ, ಅಷ್ಟೇ. ಮೂರು ಸಲ ಕೇಳಿದೆ. ಮೇಷ್ಟ್ರಿಗೆ ಬೇಡವಾದವನು ಈತನಿಗೂ ಬೇಡವಾದೆ ಎಂದು ಮೈ ಉರಿಯಿತು.

"ಭಾಳ ಸೊಕ್ಕೈತಿ ನಿಮಗ!"

ಅಜ್ಜ ಬಾಯಿಂದ, ಶಹನಾಯಿಯ ತುದಿಗೆ ಸಿಕ್ಕಿಸಿ ಊದುವ ಗರಿಯ ಪೀಪಿ ತೆಗೆದ. "ಸೊಕ್ಕಲ್ಲಲೇ. ಇದು ಎಂಜಲದಾಗ ನೆನೀಬೇಕು, ಇಲ್ಲಾಂದ್ರ ಊದಕ್ಕ ಬರಂಗಿಲ್ಲ. ಕಲೀತೀನಂತಿ, ಗಳಿಗಿ ಸುಮ್ನಿರಕ್ಕ ಆಗಲ್ಲೇನು?"

ಇನ್ನೊಂದು ಪೀಪಿ ನನ್ನ ಕೈಗಿಟ್ಟ. "ಬಾಯಾಗ ಇಟ್ಕೊ. ನಾ ಹೇಳೋತನಕ ತುಟಿ ಬಿಚ್ಚಬ್ಯಾಡ."

ಅದೇ ನನ್ನ ಮೊದಲ ಪಾಠ.

ಇವತ್ತಿನ ಹುಡುಗನಿಗೆ ಬೇಕಾದಷ್ಟು ಬೈಗುಳ ನನ್ನ ಹತ್ತಿರ ಇದ್ದವು. ಆದರೆ ಬಾಯೊಳಗಿನ ಪೀಪಿ ಇನ್ನೂ ನೆನೆದಿರಲಿಲ್ಲ. ಸುಮ್ಮನೆ ಕೂತೆ.