ಹೆಸರು ಮುಗಿಯುವುದರೊಳಗೆ ಕಥೆ ಹೇಳುವ ಜೈತುನ್‌ಬೀ

ಶಹಾಬಾದಿನ ಜೈತುನ್‌ಬೀ ನೂರಾರು ಸಿನಿಮಾಗಳ ಕಥೆ ಬಲ್ಲವಳು. ಒಂದನ್ನೂ ಪೂರ್ತಿ ನೋಡಿದವಳಲ್ಲ. ಇದಕ್ಕೆ ಅವಳಪ್ಪ ನಬೀಸಾಬನೇ ಕಾರಣ. ಅವನು ಊರ ಟಾಕೀಸಿನ ಬಾಗಿಲು ಕಾಯುತ್ತಿದ್ದ. ಪರದೆಯ ಮೇಲೆ ಹೆಸರುಗಳು ಬರುವಷ್ಟು ಹೊತ್ತು ಮಗಳನ್ನು ಗೋಡೆಗೆ ಒರಗಿಸಿ ನಿಲ್ಲಿಸುವನು. ಹೆಸರು ಮುಗಿದವೋ, "ನಡೀ ಮನೀಗಿ" ಎಂದು ರಟ್ಟೆ ಹಿಡಿದು ಹೊರಗೆ ಬಿಡುವನು. ಬಿಟ್ಟಿ ಸಿನಿಮಾ ತೋರಿಸಿದರೆ ಉಂಡ ಮನೆಗೆ ಎರಡು ಬಗೆದಂತೆ ಎಂಬುದು ಅವನ ನೇಮ. ಹೆಸರುಗಳಿಗೆ ಮಾತ್ರ ಮಾಫಿ ಇತ್ತು.

ಹುಡುಗಿ ಸೋಲುವವಳೇ? ಕಂಡ ಒಂದು ಟಾಂಗಾ, ಎರಡು ಗಿಡ, ಅಳುವ ಪಿಟೀಲು, ಇಷ್ಟನ್ನೇ ಹಿಟ್ಟಿನಂತೆ ನಾದಿ, ಓಣಿಯ ಫರಸಿ ಕಲ್ಲಿನ ಮೇಲೆ ಕೂತ ಗೆಳತಿಯರಿಗೆ ಇಡೀ ಕಥೆಯ ರೊಟ್ಟಿ ಬಡಿಯುತ್ತಿದ್ದಳು. ಪಕ್ಕದ ಮನೆಯ ಭೀಮಮ್ಮ ಬಾಯಿ ತೆರೆದು ಕೇಳುವಳು. ಮನೆಗೆ ಟೀವಿ ಬಂದ ಮೇಲೂ ಜೈತುನ್‌ಬೀಯ ರೂಢಿ ತಪ್ಪಲಿಲ್ಲ. ಹೆಸರು ಮುಗಿದೊಡನೆ "ತಿಳೀತು ಬಿಡು" ಎಂದು ಒಲೆಯ ಮುಂದೆ ಹೋಗುವಳು.

ಮೊನ್ನೆ ಕಲಬುರಗಿಯ ಕಾಲೇಜಿನಿಂದ ಮೊಮ್ಮಗಳು ಜಬೀನಾ ಬಂದಳು. ಕಾಲೇಜಿನಲ್ಲಿ ಪಾಠಕ್ಕೆ ಕೊಟ್ಟದ್ದು ಹುಡುಗಿಯೊಬ್ಬಳು ಬೆಳೆಯುವ ಸಿನಿಮಾ. ಅದರ ಮೊದಲಿಗೆ ಹೆಸರು ತೋರಿಸುವ ಟೈಟಲ್ ಕಾರ್ಡಿನ ಅರ್ಥವನ್ನು ಅವಳು ಬರೆದೊಯ್ಯಬೇಕು. ಹೊರಸಿನ ಮೇಲೆ ಲ್ಯಾಪ್‌ಟಾಪ್ ಇಟ್ಟಳು. ಭೀಮಮ್ಮ ತೊಗರಿಬೇಳೆ ಹಸನು ಮಾಡುತ್ತ ಬಂದು ಕೂತಳು.

ಪರದೆಯ ಮೇಲೆ ಒಂದು ಗೋಡೆ. ಹುಡುಗಿಯ ಎತ್ತರವನ್ನು ಇದ್ದಿಲಿನಲ್ಲಿ ಗೆರೆ ಎಳೆದು ಗುರುತಿಸಿದ್ದಾರೆ. ಒಂದೊಂದು ಗೆರೆಯ ಪಕ್ಕ ಒಂದೊಂದು ಹೆಸರು. ಗೆರೆ ಮೇಲೇರುತ್ತದೆ. ಕಡೆಗೆ ಯಾರದೋ ಕೈ ಬಂದು ಎಲ್ಲದರ ಮೇಲೆ ಸುಣ್ಣ ಬಳಿಯುತ್ತದೆ. ಆ ಹಸಿ ಸುಣ್ಣದ ಮೇಲೆ ಸಿನಿಮಾದ ಹೆಸರು.

"ಹುಡುಗತನ ಅಳಿಸಿ ಹೋಗ್ಲಿಕತ್ತದ ದಾದಿ, ಅದೇ ಅರ್ಥ," ಎಂದಳು ಜಬೀನಾ.

"ಏನ್ ಅರ್ಥನೋ ಏನೋ! ಗ್ವಾಡಿಗಿ ಸುಣ್ಣ ಯಾವಾಗ ಹೊಡೀತಾರ? ಮನ್ಯಾಗ ಶಾದಿ ಇದ್ದಾಗ. ಪೋರಿದು ಲಗ್ನ ಆಗ್ತದ. ಬರಕೋ."

"ಗೆರಿ ಎಷ್ಟ್ ಎತ್ತರ ಅದ ನೋಡು, ಅಕಿಗಿ ಇನ್ನಾ ಜಡಿ ಹಾಕ್ಕೊಳ್ಳಾಕ ಬರಂಗಿಲ್ಲ, ಲಗ್ನ ಮಾಡ್ಲಿಕ್ಕೆ ಹೊಂಟಾಳ!" ಭೀಮಮ್ಮ ನಕ್ಕಳು.

ಜೈತುನ್‌ಬೀಗೆ ಮೆಣಸಿನಕಾಯಿ ಕಡಿದಂತಾಯಿತು. "ತಪ್ಪಾದ್ರ ಇವತ್ತಿನಿಂದ ನಾ ಸಿನಿಮಾದ ಸುದ್ದಿನೇ ಎತ್ತಂಗಿಲ್ಲ," ಎಂದು ಆಣೆ ಇಟ್ಟು ಎದ್ದಳು.

ಭೀಮಮ್ಮ ಸೆರಗು ಜಗ್ಗಿದಳು. "ಕುಂದ್ರು. ಇವತ್ತ ಕಡೀತನಕ ನೋಡು."

ನೋಡಿದರು. ಲಗ್ನವೂ ಇಲ್ಲ, ಡೋಲೂ ಇಲ್ಲ. ಅದು ಬಾಡಿಗೆ ಮನೆ. ಮುಂದೆ ಬರುವವರಿಗಾಗಿ ಸುಣ್ಣ ಹೊಡೆಸಿದ್ದರು. ಹುಡುಗಿ ಅವ್ವನ ಜೊತೆ ಸಾಮಾನಿನ ಟೆಂಪೋ ಹತ್ತಿದಳು, ಅಲ್ಲಿಗೆ ಮುಗಿಯಿತು. ಜೈತುನ್‌ಬೀಯ ಮುಖ ಮಳೆಗೆ ಸಿಕ್ಕ ಹಪ್ಪಳವಾಯಿತು. ಜಬೀನಾ ನಗು ತಡೆಯಲು ತುಟಿ ಕಚ್ಚಿದಳು.

ಭೀಮಮ್ಮ ಬೇಳೆಯ ಮೊರ ಪಕ್ಕಕ್ಕಿಟ್ಟಳು. "ಅಣ್ಣ ಜೈಲಿಂದ ಬಂದು ತಂಗಿಗಿ ಬಳಿ ಇಡಸ್ತಾನಂತ ಒಂದು ಸಿನಿಮಾ ಹೇಳಿದ್ದಿ, ನೆನಪದೇನು?"

"ಅದು ಖರೇನೇ ಅದ," ಎಂದಳು ಜೈತುನ್‌ಬೀ, ದನಿ ಸಣ್ಣದಾಗಿತ್ತು.

"ಲಗ್ನಾದ ಮ್ಯಾಲ ಗಂಡನ ಸಂಗಟ ವಾಡಿ ಊರಿನ ಟಾಕೀಸಿನ್ಯಾಗ ನಾ ಅದನ್ನ ನೋಡಿದ್ನೆವಾ. ಅಂವಾ ಜೈಲಿನ್ಯಾಗೇ ಸಾಯ್ತಾನ. ಮನಿ ಮುಟ್ಟೋತನಕ ಅತ್ತೀನಿ."

"ಮತ್ತ ಇಷ್ಟ್ ದಿನ ಬಾಯಿ ಯಾಕ ಬಿಡಲಿಲ್ಲ?"

"ಬಿಟ್ಟಿದ್ರ ನೀ ಕತಿ ಹೇಳ್ತಿದ್ದೇನು? ನಿಂದೇ ಭಾಳ ಛಲೋ ಇತ್ತು. ಈ ಸಿನಿಮಾದ ಪೋರಿ ಕತಿನೂ ನೆಟ್ಟಗ ಮಾಡಿ ಹೇಳು. ಹಿಂಗ ಟೆಂಪೋ ಹತ್ತಿಸಿ ಬಿಟ್ಟಾರ, ನನಗ ಉಂಡದ್ದು ಅರಗಂಗಿಲ್ಲ."

ಜೈತುನ್‌ಬೀ ಮೊಮ್ಮಗಳ ಕಡೆ ತಿರುಗಿದಳು. "ನೋಡು, ಸುದ್ದಿ ನಾ ಎತ್ತಿಲ್ಲ. ಎತ್ತಿದಾಕಿ ಈಕಿ."

ಆಮೇಲೆ ಕಾಲು ಮಡಚಿ, ಗಂಟಲು ಸರಿಮಾಡಿಕೊಂಡು ಸುರುವಿಟ್ಟಳು: "ಆ ಟೆಂಪೋ ಸೀದಾ ಚಿತ್ತಾಪುರದ ಹಾದಿ ಹಿಡೀತು..."