ಇಪ್ಪತ್ತಾರು, ಮೂವತ್ತೆರಡು
ಮಹಡಿಯ ಬಾಡಿಗೆದಾರನಿಗೆ ಮನುಷ್ಯರೆಂದರೆ ಆಗದು; ಮನೆಯೊಡತಿ ಇದನ್ನು ಆತನ ಮುಖಕ್ಕೇ ಹೇಳಿದ್ದಾಳೆ. ನಲವತ್ತು ವರ್ಷ ಕಾರ್ಖಾನೆಯಲ್ಲಿ ಬಾಯ್ಲರ್ ಕಾದವನು ನಿವೃತ್ತನಾದ ಮೇಲೆ ಎರಡು ಆಮೆಗಳನ್ನು ಕಾಯುತ್ತಿದ್ದಾನೆ: ತೊಟ್ಟಿಯ ನೀರು ಇಪ್ಪತ್ತಾರು ಡಿಗ್ರಿ, ಅವು ಮೈ ಕಾಯಿಸಿಕೊಳ್ಳುವ ದೀಪದಡಿಯ ಕಲ್ಲು ಮೂವತ್ತೆರಡು. ಎರಡು ಗಂಟೆಗೊಮ್ಮೆ ಥರ್ಮಾಮೀಟರ್ ನೋಡಿ ಗೋಡೆಯ ಪಟ್ಟಿಯಲ್ಲಿ ಬರೆದು, ಮೇಲಧಿಕಾರಿ ತಪಾಸಣೆಗೆ ಬರುತ್ತಾನೇನೋ ಎಂಬಂತೆ ರುಜು ಹಾಕುತ್ತಾನೆ. ಯಾರಾದರೂ ನೀರಿಗೆ ಬೆರಳದ್ದಿ “ಬೆಚ್ಚಗಿದೆಯಲ್ಲ” ಎಂದರೆ, “ನಿಮ್ಮ ಬೆರಳು ಹೇಳೋದು ನಿಮ್ಮ ಮೈ ಸಮಾಚಾರ, ನೀರಿನದ್ದಲ್ಲ” ಎನ್ನುತ್ತಾನೆ. ತಾನು ಮಾತ್ರ ಚಳಿಯಲ್ಲೂ ತಣ್ಣೀರು ಸುರಿದುಕೊಳ್ಳುತ್ತಾನೆ. ಇವತ್ತು ಮನೆಯೊಡತಿ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದು, “ಹಗಲೆಲ್ಲ ದೀಪ ಉರಿಸ್ತೀರಿ, ವೈರು ಸುಟ್ಟುಹೋದ್ರೆ? ಸಂಜೆಯೊಳಗೆ ದೀಪ ತೆಗೀರಿ, ಇಲ್ಲ ಮನೆ ಬಿಡಿ” ಎಂದಳು. “ಮನೆ ಬಿಡ್ತೀನಮ್ಮ, ದೀಪ ಆರಿಸಲ್ಲ. ಕಲ್ಲು ತಣ್ಣಗಾದ್ರೆ ಇವಕ್ಕೆ ತಿಂದಿದ್ದು ಅರಗಲ್ಲ.” “ಕೆಳಗೆ ನಾನೊಬ್ಬಳು ಸತ್ರೂ ನಿಮಗೆ ಗೊತ್ತಾಗಲ್ಲ!” ಎಂದು ಕೂಗಿದವಳ ಕಣ್ಣು ಗೋಡೆಯ ಪಟ್ಟಿಯ ಮೇಲೆ ಬಿತ್ತು. ಮೊದಲ ಕಾಲಂ ನೀರು, ಎರಡನೆಯದು ಕಲ್ಲು, ಮೂರನೆಯದರ ಮೇಲೆ “ಕೆಳಮನೆ ಕೆಮ್ಮು” ಎಂದಿತ್ತು. ಎಂಟು ಗಂಟೆಗೆ ಆರು ಗೀಟು, ಹತ್ತಕ್ಕೆ ಒಂಬತ್ತು, ಎದುರಿಗೆ ರುಜು. ಆಕೆ ಕೆಮ್ಮಿದಳು. ಆತ ಪೆನ್ಸಿಲಿನಿಂದ ಇನ್ನೊಂದು ಗೀಟು ಎಳೆದು, ಮುಖ ಗಂಟಿಕ್ಕಿಕೊಂಡೇ ತನ್ನ ಕುರ್ಚಿಯನ್ನು ಆಕೆಗಾಗಿ ದೀಪದ ಬಳಿಗೆ ತಳ್ಳಿದ.